ಒಬ್ಬರೇ ತಾನೆ

"ಮೇಡಂ, ನಿಮ್ಮ ಸೀಟನ್ನ ಹಿಂದಕ್ಕೆ ಹಾಕಿದ್ದೀವಿ," ಎಂದು ಕೌಂಟರಿನಲ್ಲಿದ್ದ ಯುವರಾಜ್ ಹೊಸ ಬೋರ್ಡಿಂಗ್ ಪಾಸನ್ನು ಮುಂದಿಟ್ಟ.

ನಾಗವೇಣಿಗೆ ಅರ್ಥವಾಗಲಿಲ್ಲ. ಅವಳ ಟಿಕೆಟ್ಟಿನಲ್ಲಿ ಬಿಸಿನೆಸ್ ಕ್ಲಾಸು, ಕಿಟಕಿ ಪಕ್ಕ ಎಂದು ಸ್ಪಷ್ಟವಾಗಿತ್ತು. ಹೊಸೂರಿನ ಬಿಡಿಭಾಗದ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ನಿಂತುಕೊಂಡೇ ಮಾಲು ತಪಾಸಣೆ ಮಾಡಿದವಳು. ಐವತ್ತು ತುಂಬಿದ ಈ ವರ್ಷ, ಜೀವಮಾನದಲ್ಲಿ ಒಂದು ಸಲ ಕಾಲು ಚಾಚಿ ಕೂತು ದೆಹಲಿ ನೋಡಿ ಬರೋಣವೆಂದು ಬೋನಸ್ಸನ್ನೆಲ್ಲ ಸುರಿದು ಕೊಂಡಿದ್ದ ಟಿಕೆಟ್ಟು ಅದು.

"ಯಾಕಪ್ಪಾ? ನನ್ನಿಂದ ಏನಾದ್ರೂ ತಪ್ಪಾಯ್ತಾ?"

ಆ ಮಾತಿನ ಧಾಟಿ ಕಿವಿಗೆ ಬಿದ್ದದ್ದೇ ಯುವರಾಜ್ ತಲೆಯೆತ್ತಿದ. "ಅಕ್ಕಾ, ನಿಮ್ದು ಯಾವೂರು?"

"ಗುಮ್ಮಳಾಪುರ. ಈಗ ಹೊಸೂರಾಗೆ ಇರೋದು."

"ನಮ್ದೂ ಹೊಸೂರು ಕಡೆನೇ, ಬೇರಿಕೆ ಅಕ್ಕಾ!" ಎಂದು ಅವನು ಕಂಪ್ಯೂಟರು ಬಿಟ್ಟು ಮುಂದಕ್ಕೆ ಬಾಗಿದ. ಇಷ್ಟು ಹೊತ್ತಿನ ಆಫೀಸಿನ ಮಾತು ಹೋಗಿ ಊರಿನ ಮಾತು ಬಂತು. "ನಿಮ್ಮ ಹತ್ರ ಮುಚ್ಚುಮರೆ ಯಾಕೆ? ಮುಂದೆ ಇರೋದೇ ಎಂಟು ಸೀಟು. ಅದ್ರಾಗೆ ಒಂದು ಕೆಟ್ಟೋಗೈತೆ. ಯಾರಾದ್ರೂ ಒಬ್ರು ಹಿಂದಕ್ಕೆ ಹೋಗ್ಲೇಬೇಕು. ಮಿಕ್ಕೋರು ಎರಡು ಜೋಡಿ, ಇನ್ನೊಂದು ಮೂರು ಜನದ ಸಂಸಾರ. ಅವರನ್ನ ಬೇರೆ ಮಾಡಕ್ಕಾಗಲ್ಲ. ನೀವಾದ್ರೆ ಒಬ್ಬರೇ ತಾನೆ?"

ಅವನು ಒರಟಾಗಿ ಹೇಳಲಿಲ್ಲ. ಯಾರೂ ಒರಟಾಗಿ ಹೇಳಿದವರಲ್ಲ. ಅಣ್ಣನ ಮಗಳು ಸಿಂಚನಾಳ ಮದುವೆಯಲ್ಲಿ, ಛತ್ರದ ಕೋಣೆಯಿಂದ ನಾಗವೇಣಿಯ ಚೀಲವನ್ನು ಉಗ್ರಾಣಕ್ಕೆ ಸಾಗಿಸಿದಾಗಲೂ ಅತ್ತಿಗೆ ನಗುನಗುತ್ತಲೇ ಇದನ್ನೇ ಹೇಳಿದ್ದರು. ಹಬ್ಬದ ದಿನ ಶಿಫ್ಟಿಗೆ ಜನ ಕಡಿಮೆಯಾದರೆ ಸೂಪರ್‌ವೈಸರು ಬಂದು ನಿಲ್ಲುತ್ತಿದ್ದುದೂ ಅವಳ ಮೇಜಿನ ಹತ್ತಿರವೇ. ಪ್ರತಿ ಸಲವೂ ನಾಗವೇಣಿ ಆಗಲಿ ಎಂದಿದ್ದಳು.

"ಊಟದ ಕೂಪನ್ನು ಕೊಡ್ತೀನಿ ಅಕ್ಕಾ, ಬೇಜಾರ್ ಮಾಡ್ಕೋಬ್ಯಾಡಿ."

"ಕೂಪನ್ನು ಬ್ಯಾಡಪ್ಪಾ. ದೇಶದೊಳಗಿನ ವಿಮಾನದಾಗೆ ಕ್ಲಾಸು ಇಳಿಸಿದ್ರೆ ಟಿಕೆಟ್ ದುಡ್ಡಿನಾಗೆ ನೂರಕ್ಕೆ ಎಪ್ಪತ್ತೈದು ವಾಪಸ್ ಕೊಡ್ಬೇಕು, ಟ್ಯಾಕ್ಸೂ ಸೇರಿಸಿ. ರೂಲ್ಸ್ ಐತೆ."

ಯುವರಾಜ್ ಕಣ್ಣರಳಿಸಿದ. ಟಿಕೆಟ್ ಕೊಂಡ ಮೇಲೆ ಒಂದು ತಿಂಗಳು, ಬಾಗಲೂರು ರಸ್ತೆಯ ತನ್ನ ಒಂಟಿ ಕೋಣೆಯಲ್ಲಿ ಸಂಜೆಯಾದರೆ ಸಾಕು ಅವಳು ಫೋನು ಹಿಡಿದು ವಿಮಾನದ ವಿಷಯವನ್ನೇ ಓದುತ್ತ ಕೂತಿರುತ್ತಿದ್ದಳೆಂದು ಅವನಿಗೇನು ಗೊತ್ತು?

ಅವನು ಹಣ ವಾಪಸಾತಿಯ ಫಾರಂ ಒಂದನ್ನು ತೆಗೆದು ತುಂಬಿಸಿ ಕೊಟ್ಟ. ಕಾರಣ ಎಂಬಲ್ಲಿ 'ಸೀಟು ಕೆಟ್ಟಿದೆ' ಎಂದಿತ್ತು.

"ಸೀಟು ಕೆಟ್ಟಿದ್ದಕ್ಕೆ ಒಬ್ರು ಹಿಂದಕ್ಕೆ ಹೋಗ್ಬೇಕು, ಸರಿ. ಅದು ನಾನೇ ಯಾಕೆ ಅಂತ ಬರಿ."

"ಅಕ್ಕಾ..."

"ಕಾರ್ಖಾನೆಯಾಗೆ ನಾನು ಒಂದು ಬೋಲ್ಟು ಸರಿ ಇಲ್ಲ ಅಂತ ಪಕ್ಕಕ್ಕೆ ಎತ್ತಿಟ್ರೂ ಯಾಕೆ ಅಂತ ಬರೀಬೇಕು ಕಣಪ್ಪಾ. ನೀನು ಈಗ ಬಾಯಲ್ಲಿ ಹೇಳಿದ್ಯಲ್ಲ, ಅದನ್ನೇ ಬರಿ."

ಪೆನ್ನು ಕಾಗದದ ಮೇಲೆ ನಿಂತಿತು. "ಅದನ್ನ ಹೆಂಗೆ ಬರೀಲಿ ಅಕ್ಕಾ?" ಎಂದ ಯುವರಾಜ್, ಮುಖ ಬಗ್ಗಿಸಿ. ನಾಗವೇಣಿ ಫಾರಮ್ಮನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟಳು.

ವಿಮಾನದಲ್ಲಿ ಅವಳಿಗೆ ಸಿಕ್ಕಿದ್ದು ಮೂರು ಸೀಟಿನ ಸಾಲಿನ ನಡುವಿನದು. ಕಿಟಕಿಯ ಬಳಿ ಅವಳಿಗಿಂತ ಹತ್ತು ವರ್ಷ ಹಿರಿಯಳಾದ ಹೆಂಗಸು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು. ಈಚೆ ತುದಿಯಲ್ಲಿ ಅವಳ ಗಂಡ.

"ಅಮ್ಮಾ, ಇವಳಿಗೆ ವಿಮಾನ ಇದೇ ಮೊದಲು, ಹೆದರಿಕೆ. ನೀವು ಒಬ್ಬರೇ ತಾನೆ? ಸ್ವಲ್ಪ ಈ ಕಡೆ ಬಂದ್ರೆ ನಾನು ಅವಳ ಪಕ್ಕ ಕೂತ್ಕೋತೀನಿ," ಎಂದರು ಅವರು.

"ಇಲ್ಲ," ಎಂದಳು ನಾಗವೇಣಿ. "ಇದು ನನ್ನ ಸೀಟು."

ಧ್ವನಿ ಇಷ್ಟು ಗಟ್ಟಿಯಾಗಿ ಬರುತ್ತದೆಂದು ಅವಳೇ ಎಣಿಸಿರಲಿಲ್ಲ. ಮುಂದಿನ ಸಾಲಿನವರು ತಿರುಗಿ ನೋಡಿದರು. ಗಂಡ ಏನೋ ಗೊಣಗಿಕೊಂಡು ಬೆಲ್ಟು ಬಿಗಿದುಕೊಂಡರು. ಗೆದ್ದೆನೆಂಬ ಸಂತೋಷ ಬರಬೇಕಿತ್ತು. ಬರಲಿಲ್ಲ. ಇಪ್ಪತ್ತಾರು ವರ್ಷ ಯಾರ್ಯಾರಿಗೋ ಹೇಳಬೇಕಿದ್ದ 'ಇಲ್ಲ' ಕೊನೆಗೆ ಈ ಹೆದರಿದ ಹೆಂಗಸಿನ ಮೇಲೆ ಬಿದ್ದಿತ್ತು.

ವಿಮಾನ ಓಡಿ ನೆಲ ಬಿಟ್ಟಿತು. ಪಕ್ಕದ ಹೆಂಗಸು ಕಣ್ಣು ಮುಚ್ಚಿಕೊಂಡು, ತಡಕಾಡಿ, ನಾಗವೇಣಿಯ ಕೈಯನ್ನು ಗಬಕ್ಕನೆ ಹಿಡಿದುಕೊಂಡಳು. ಬಳೆ ಒತ್ತಿ ನೋಯುವಷ್ಟು ಬಿಗಿಯಾದ ಹಿಡಿತ.

ನಾಗವೇಣಿ ಮೆತ್ತಗೆ ಬಾಗಿದಳು. "ಅಕ್ಕಾ, ಮೇಲಕ್ಕೆ ಹೋಗಿ ನೆಟ್ಟಗಾದ ಮೇಲೆ ನಾನು ಎದ್ದು ಆ ಕಡೆ ಹೋಗ್ತೀನಿ. ನಿಮ್ ಯಜಮಾನ್ರು ಬರ್ಲಿ."

"ಬ್ಯಾಡ," ಎಂದಳು ಹೆಂಗಸು, ಕಣ್ಣು ತೆರೆಯದೆ. "ಎಲ್ಲಿಗೂ ಹೋಗ್ಬ್ಯಾಡಿ."

ಸ್ವಲ್ಪ ಹೊತ್ತಿಗೆ ವಿಮಾನ ನೆಟ್ಟಗಾಯಿತು. ಕಿಟಕಿಯಾಚೆ ಬಿಳಿ ಮೋಡದ ಮೇಲೆ ಮಧ್ಯಾಹ್ನದ ಬಿಸಿಲು. ಗಗನಸಖಿ ಬಂದು ಕಾಫಿ ಬೇಕೇ ಎಂದು ಕೇಳಿದಾಗ ಹೆಂಗಸಿಗೆ ಆಗಲೇ ನಿದ್ದೆ ಹತ್ತಿತ್ತು, ಹಿಡಿತವೂ ಸಡಿಲವಾಗಿತ್ತು. ಸ್ವಲ್ಪ ಎಳೆದುಕೊಂಡರೆ ಕೈ ಬಂದುಬಿಡುತ್ತಿತ್ತು.

ನಾಗವೇಣಿ ಕೈ ಅಲುಗಿಸದೆ, ಬೇಡವೆಂದು ತಲೆಯಾಡಿಸಿದಳು.