ಗ್ರ್ಯಾಂಡ್ ಹುಟ್ಟುಹಬ್ಬ

“ಗ್ರ್ಯಾಂಡ್, ಅಮ್ಮಾ,” ಎಂದಳು ಅಂದಿಗೆ ಆರು ವರ್ಷ ತುಂಬಿದ ಇಂಚರ, ಗೋಡೆ ತುಂಬ ಅಂಟಿಸಿದ್ದ ಕಾಗದದ ಮೀನುಗಳತ್ತ ಒಮ್ಮೆ ನೋಡಿ.

ವಿಡಿಯೋ ಕಾಲ್‌ನಲ್ಲಿ ಮೈಸೂರಿನ ಅಜ್ಜಿ ಹಿಗ್ಗಿಹೋದರು. “ನೋಡೇ ಮಾಲಿನಿ, ಮಗು ಬಾಯಲ್ಲೇ ಬಂತು, ಗ್ರ್ಯಾಂಡ್ ಅಂತ! ಲಾಕ್‌ಡೌನು, ಯಾರೂ ಬರಲ್ಲ ಅಂತ ಸುಮ್ನೆ ಕೊರಗ್ತಿದ್ದೆ.”

ಇವರಿದ್ದ ಡಬ್ಲಿನ್ನಿನ ಮಕ್ಕಳ ಬಾಯಲ್ಲಿ ಗ್ರ್ಯಾಂಡ್ ಎಂದರೆ ‘ಹೂಂ, ಪರವಾಗಿಲ್ಲ’ ಎಂದಷ್ಟೇ. ಅದು ಮಾಲಿನಿಗೆ ಗೊತ್ತಿತ್ತು. ಕೂತಲ್ಲಿ ಕೂರಲಾಗದೆ ಅವಳು ಒಂದು ಮೀನನ್ನು ಕಿತ್ತು, ಬೀದಿಗೆ ಕಾಣುವಂತೆ ಕಿಟಕಿಗೆ ಅಂಟಿಸಿದಳು. ಆಮೇಲೆ ಮತ್ತೊಂದು, ಇನ್ನೊಂದು.

“ಅಯ್ಯೋ, ಚೆನ್ನಾಗಿದ್ದಿದ್ದನ್ನ ಯಾಕೇ ಕೀಳ್ತೀಯ?”

ಎದುರುಮನೆಯ ಪರದೆ ಸರಿಯಿತು. ಇಂಚರಳ ಗೆಳತಿ ಈಫಾ ಗಾಜಿಗೆ ಮೂಗೊತ್ತಿ, ಕೆನ್ನೆ ಉಬ್ಬಿಸಿ, ಮೀನಿನ ಹಾಗೆ ಬಾಯಿ ತೆರೆದು ಮುಚ್ಚಿದಳು.

ಇಂಚರ ಕುರ್ಚಿ ಬೀಳಿಸಿ ಕಿಟಕಿಗೆ ಓಡಿದಳು. “ಅಮ್ಮಾ, ನನ್ ಪಾರ್ಟಿಗೆ ಮೀನು ಬಂತು!”