ಸ್ಕ್ಯಾನರಿನ ಕೆಂಪು ಗೆರೆ

ಸೋಪಿನ ಪೊಟ್ಟಣವನ್ನು ನಾಲ್ಕನೇ ಸಲ ಹಿಡಿದಾಗಲೂ ಸ್ಕ್ಯಾನರು ಕೀಂಕ್ ಎನ್ನಲಿಲ್ಲ. ಪುಟ್ಟಮಾದಮ್ಮ ಪೊಟ್ಟಣವನ್ನು ತಿರುಗಿಸಿ ಮತ್ತೊಮ್ಮೆ ಹಿಡಿದಳು. ಆಯುಧಪೂಜೆಯ ಮಾರನೆಯ ಬೆಳಗ್ಗೆ, ಮದ್ದೂರಿನ ಆ ದಿನಸಿ ಅಂಗಡಿಗೆ ಅದೇ ಬೋಣಿ.

"ಅದ್ಕೂ ಅಬ್ಬದ ರಜವೇನವ್ವಾ?" ಎಂದ, ಎದುರಿಗೆ ಚೀಲ ಹಿಡಿದು ನಿಂತಿದ್ದ ಬೆಸಗರಹಳ್ಳಿಯ ಮಾದಯ್ಯ. "ಬಿರ್‍ನೆ ಮಾಡು, ಬಸ್ಸು ಓಯ್ತದೆ ಕಣಮ್ಮ."

ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಹನ್ನೆರಡು ವರ್ಷ ಕಾಳು ಆರಿಸಿದ ಹೆಂಗಸು ಅವಳು. ಬಿಲ್ಲಿನ ಕುರ್ಚಿಗೆ ಬಂದು ಎರಡೇ ತಿಂಗಳು. ಅಷ್ಟರಲ್ಲೇ ಬಾರ್‌ಕೋಡ್ ಸ್ಕ್ಯಾನರಿನ ಮರ್ಮವನ್ನೆಲ್ಲ ಅರೆದು ಕುಡಿದಿದ್ದಳು. ಮೂತಿಗೆ ಅಂಟಿಸಿದರೆ ಅದು ಓದುವುದಿಲ್ಲ, ಗೇಣು ದೂರ ಹಿಡಿಯಬೇಕು. ಮಿರಮಿರ ಮಿಂಚುವ ಕವರಾದರೆ ಚೂರು ಓರೆ ಮಾಡಬೇಕು. ಸುಕ್ಕಾಗಿದ್ದರೆ ಅಂಗೈಯಲ್ಲಿ ರೊಟ್ಟಿ ತಟ್ಟಿದ ಹಾಗೆ ತಟ್ಟಿ ಸಮ ಮಾಡಬೇಕು. ಕೆಂಪು ಗೆರೆ ಈ ತುದಿಯಿಂದ ಆ ತುದಿಯವರೆಗೆ ಎಲ್ಲ ಕಪ್ಪು ಗೀಟುಗಳ ಮೇಲೂ ಬೀಳಬೇಕು. ಇವತ್ತೂ ಅಷ್ಟನ್ನೂ ಮಾಡಿದ್ದಾಳೆ. ಜಪ್ಪಯ್ಯ ಅಂದರೂ ಉಹೂಂ.

"ಕೆಡಿಸಿಬಿಟ್ಟೆಯಾ?" ಅಂಗಡಿಯ ಯಜಮಾನರು ತಿರುನಾರಾಯಣ ಒಳಗಿಂದ ಓಡಿಬಂದರು. ಹಣೆಯ ನಾಮ ಇನ್ನೂ ಹಸಿಯಾಗಿತ್ತು. "ಮೊನ್ನೆವರೆಗೂ ಚೆನ್ನಾಗಿತ್ತಲ್ಲ! ಇದೆಲ್ಲ ಓದಿದವರ ಕೈಯಲ್ಲಿ ಇರಬೇಕಾದ್ದು. ನಾಳೆಯಿಂದ ನನ್ನ ಮಗಳು ಕೂತ್ಕೊಳ್ಳಲಿ. ನೀನು ಹಿಂದಕ್ಕೆ ಹೋಗಿ ಕಾಳು ಆರಿಸು."

"ವಸಿ ತಡೀರಿ ಸ್ವಾಮಿ, ನೋಡ್ತೀನಿ."

ಅವರು ತಡೆಯಲಿಲ್ಲ. ಮಂಡ್ಯದ ರಿಪೇರಿಯವನಿಗೆ ಫೋನ್ ಮಾಡಲು ಬಾಗಿಲಾಚೆ ಹೋದರು. ಪುಟ್ಟಮಾದಮ್ಮನಿಗೆ ಅಳುವೇ ಬಂತು. ಕಾಳಿನ ಧೂಳೇನು ಅವಳಿಗೆ ಹೊಸದಲ್ಲ. ಆದರೆ ಈ ಕುರ್ಚಿಯಲ್ಲಿ ಕೂತ ಮೇಲೆ ಬಂದವರೆಲ್ಲ ಹೆಸರು ಹಿಡಿದು ಮಾತಾಡಿಸುತ್ತಿದ್ದರು. ಅದು ತಪ್ಪಿಹೋಗುತ್ತದಲ್ಲ ಎಂದು ಸಂಕಟವಾಯಿತು.

ಗುಂಡಿ ಒತ್ತಿ ಬೆಳಕನ್ನು ತನ್ನ ಅಂಗೈಗೇ ಬಿಟ್ಟುಕೊಂಡಳು. ಕೆಂಪು ಗೆರೆ ನಡುವೆ ತುಂಡಾಗಿತ್ತು! ಗುಂಡಿ ಬಿಟ್ಟು ಸ್ಕ್ಯಾನರನ್ನು ತಿರುಗಿಸಿದಳು. ಮೂತಿಯ ಗಾಜಿನ ಮೇಲೆ ಒಣಗಿದ ಗಂಧ, ಅದರ ಮೇಲೆ ದುಂಡಗಿನ ಕುಂಕುಮದ ಬೊಟ್ಟು. ನಿನ್ನೆ ತಕ್ಕಡಿಗೆ, ಬೀಗಕ್ಕೆ, ಇದಕ್ಕೆ, ಎಲ್ಲಕ್ಕೂ ಭಕ್ತಿಯಿಂದ ಬೊಟ್ಟಿಟ್ಟವರು ಸಾಕ್ಷಾತ್ ಯಜಮಾನರೇ.

ಸೆರಗಿನ ತುದಿ ಒದ್ದೆ ಮಾಡಿ ನಿಧಾನವಾಗಿ ಒರೆಸಿದಳು. ಮಾದಯ್ಯನ ಕಣ್ಣಿಗೂ ಬಿತ್ತು.

"ಅಲ್ಲಾ, ನಿಮ್ ಯಜಮಾನ್ರೇ ಇದ್ರ ಕಣ್ಗೆ..."

"ಸುಮ್ಕಿರಣ್ಣೋ. ನಿನ್ ಬಸ್ಸು ಓಯ್ತದೆ," ಎಂದು ಸೋಪಿಗೆ ಗುರಿ ಹಿಡಿದಳು. ಕೀಂಕ್!

ಆ ಸದ್ದಿಗೆ ತಿರುನಾರಾಯಣ ಕಿವಿಯ ಫೋನನ್ನೂ ಮರೆತು ಓಡಿಬಂದರು. "ಸರಿಹೋಯ್ತಾ! ನೋಡಿದೆಯಾ, ನಿನ್ನೆ ಶ್ರದ್ಧೆಯಿಂದ ಪೂಜೆ ಮಾಡಿದ್ದು ದಂಡವಾಗಲಿಲ್ಲ. ಏಳಬೇಡ, ನೀನೇ ಕೂತ್ಕೋಮ್ಮ."

"ಊಂ ಸ್ವಾಮಿ," ಎಂದಳು ಪುಟ್ಟಮಾದಮ್ಮ. ಮಾದಯ್ಯ ಸೋಪು ಚೀಲಕ್ಕೆ ಹಾಕಿಕೊಂಡು, ಮೀಸೆಯಡಿ ನಗುತ್ತ ಬಸ್ಸಿಗೆ ಓಡಿದ.

ಸಂಜೆ ದೀಪ ಹಚ್ಚಿ, ಕುಂಕುಮದ ಬಟ್ಟಲು ಹಿಡಿದು ತಿರುನಾರಾಯಣ ಮತ್ತೆ ಬಂದರು. ಬೆಳಗಿನ ಪವಾಡದ ಖುಷಿ ಮುಖದಲ್ಲಿ ಹಾಗೇ ಇತ್ತು. ಉಂಗುರಬೆರಳನ್ನು ಕುಂಕುಮದಲ್ಲಿ ಅದ್ದಿ ಸ್ಕ್ಯಾನರಿನ ಗಾಜಿನತ್ತ ಚಾಚಿದರು.

ಪುಟ್ಟಮಾದಮ್ಮ ತಟ್ಟನೆ ಅದನ್ನು ತಿರುಗಿಸಿ, ಹಿಡಿಕೆಯನ್ನು ಅವರ ಮುಂದೊಡ್ಡಿದಳು.

"ಬೊಟ್ಟು ಇಲ್ಲಿಕ್ಕಿ ಸ್ವಾಮಿ. ಇದ್ರ ಅಣೆ ಇರೋದು ಈ ಕಡೆ."