ನಡುವೆ ನಿಲ್ಲುವ ದನಿ

“ಹಾಡೋರು ನನ್ನೆದುರೇ ಕೂತು ಹಾಡಿದ ಹಾಗಿರಬೇಕು. ಕಾರಿನ ಮುಂದಿನ ಎರಡೂ ಬಾಗಿಲಿಗೆ ನಿಮ್ಮಲ್ಲಿರೋದರಲ್ಲೇ ಒಳ್ಳೆ ಸ್ಪೀಕರ್ ಹಾಕಿಕೊಡು,” ಎಂದ ಗಿರಾಕಿ.

ಇಂಥದ್ದೊಂದು ದಿನಕ್ಕಾಗಿ ಫಿಟ್ಟರ್ ಆರು ವರ್ಷ ಹಲ್ಲುಕಚ್ಚಿ ಕಾದಿದ್ದ. ಎದುರಿಗೆ ನಿಂತವನನ್ನು ಒಂದು ಕಾಲದಲ್ಲಿ ಅವನು ಬಾಯ್ತುಂಬ ಭಾವ ಎಂದು ಕರೆದದ್ದುಂಟು. ಈಗ ನಾಲಿಗೆ ಅದಕ್ಕೆ ಒಪ್ಪಲಿಲ್ಲ.

“ಆಗಲಿ ಸಾರ್.”

“ಸಾರ್ ಅಂತೀಯಲ್ಲಪ್ಪ. ಹಳೇದನ್ನ ಇನ್ನೂ ಮನಸ್ಸಲ್ಲಿಟ್ಕೊಂಡಿದೀಯಾ? ಎಲ್ಲರೂ ನಿಮ್ಮ ಅಂಗಡೀನೇ ಹೇಳಿದ್ರು, ಬಂದೆ.”

ಹಳೇದು ಎಂದರೆ ಇಷ್ಟು. ಫಿಟ್ಟರನ ಅಕ್ಕ ಇವನ ಹೆಂಡತಿಯಾಗಿದ್ದಳು. ಒಂದು ದಿನ ಇವನು ಪಕ್ಕದ ಕೋಣೆಯಲ್ಲಿ ಫೋನಿನಲ್ಲಿದ್ದಾಗ ಅವಳಿಗೆ ಇನ್ನೊಬ್ಬ ಹೆಂಗಸಿನ ದನಿ ಕೇಳಿಸಿತು. ಯಾರದು ಎಂದು ಕೇಳಿದ್ದೇ ತಪ್ಪಾಯಿತು. ಇವನು ಬಂಧುಬಳಗವನ್ನೆಲ್ಲ ಕೂರಿಸಿಕೊಂಡು, ಕಣ್ಣಲ್ಲಿ ನೀರು ತಂದುಕೊಂಡು, “ಇವಳಿಗೆ ಇಲ್ಲದ ದನಿ ಕೇಳಿಸುತ್ತೆ, ತಲೆ ಸರಿಯಿಲ್ಲ” ಎಂದುಬಿಟ್ಟ. ಹೆತ್ತ ತಾಯಿಯೂ ನಂಬಿದಳು. ತಮ್ಮನೂ ಎರಡು ದಿನ ನಂಬಿದ್ದ. ಅವನ ಸಿಟ್ಟಿಗೆ ಅಷ್ಟು ಉರಿ ಬಂದದ್ದು ಆ ಎರಡು ದಿನದಿಂದಲೇ. ಅಕ್ಕ ಒಂದು ಪೆಟ್ಟಿಗೆ ಹಿಡಿದು ತವರಿಗೆ ಬಂದಳು. ವರ್ಷ ತುಂಬುವುದರೊಳಗೆ ಇವನು ಅದೇ ದನಿಯವಳನ್ನು ಮದುವೆಯಾದ. ಅಕ್ಕನನ್ನು ಹುಚ್ಚಿ ಎಂದವರಲ್ಲಿ ಒಬ್ಬರೂ ತಪ್ಪಾಯಿತು ಎನ್ನಲಿಲ್ಲ.

ಅಕ್ಕ ತಮ್ಮನ ಅಂಗಡಿಯಲ್ಲೇ ಕೆಲಸ ಕಲಿತಳು. ಆ ಮಾತೆತ್ತಿದರೆ ಸಾಕು, “ಬಿಡೋ, ಆಗಿದ್ದಾಯ್ತು” ಎನ್ನುತ್ತಿದ್ದಳು. ಅದು ತಮ್ಮನಿಗೆ ಇನ್ನೂ ಮೈಯುರಿ.

ಈಗಲೂ ಅವಳು ಒಳಗಿನಿಂದ ಬಂದು, ಮುಖ ಒಂದಿಷ್ಟೂ ಕೆಡಿಸಿಕೊಳ್ಳದೆ ಕುರ್ಚಿ ಎಳೆದು ಹಾಕಿದಳು.

“ಎರಡು ಗಂಟೆ ಹಿಡಿಯುತ್ತೆ. ಕೂತ್ಕೊಳ್ಳಿ.”

“ಆರೋಗ್ಯ ಹೇಗಿದೆ ಈಗ?” ಎಂದ ಅವನು, ‘ಈಗ’ ಎಂಬುದನ್ನು ಸ್ವಲ್ಪ ಎಳೆದು.

“ಕಿವಿ ಚೆನ್ನಾಗಿ ಕೇಳುತ್ತೆ,” ಎಂದಳು ಅಕ್ಕ.

ಗೋಡೆಯ ಹಲಗೆಯ ಮೇಲೆ ನಾಲ್ಕು ಜೊತೆ ಸ್ಪೀಕರುಗಳಿದ್ದವು. ಗಿರಾಕಿ ಅಗ್ಗದ್ದರ ಮುಂದೆ ನಿಂತ. ಫಿಟ್ಟರ್ ಅವನನ್ನು ನಯವಾಗಿ ಕೊನೆಯ ಜೊತೆಯ ಹತ್ತಿರ ಕರೆದೊಯ್ದ. ಅಂಗಡಿಯಲ್ಲೇ ಉತ್ತಮವಾದದ್ದು ಅದು. ಕಳಪೆ ಮಾಲು ಹಾಕಿದರೆ ಅದನ್ನು ಬದಲಾಯಿಸಿ ಸುಖವಾಗಿರುತ್ತಾನೆ. ಒಳ್ಳೆಯ ಮಾಲೇ ಕೈಕೊಟ್ಟರೆ ಏನು ಮಾಡುತ್ತಾನೆ?

ಸ್ಪೀಕರಿನ ಬಟ್ಟಲಿನಂಥ ಕೋನು ಮುಂದಕ್ಕೂ ಹಿಂದಕ್ಕೂ ಆಡುತ್ತದೆ. ಎರಡು ಬಾಗಿಲಿನವೂ ಜೊತೆಜೊತೆಗೆ ಆಡಿದರೆ ಹಾಡುವವರ ದನಿ ಡ್ಯಾಶ್‌ಬೋರ್ಡಿನ ನಟ್ಟನಡುವೆ ಬಂದು ನಿಲ್ಲುತ್ತದೆ. ಒಂದು ಮುಂದೆ ಬಂದಾಗ ಇನ್ನೊಂದು ಹಿಂದೆ ಹೋದರೆ ಒಂದನ್ನೊಂದು ನುಂಗಿಹಾಕುತ್ತವೆ. ಆಮೇಲೆ ದನಿ ಎಲ್ಲಿಂದ ಬರುತ್ತಿದೆ ಎಂದೇ ತಿಳಿಯುವುದಿಲ್ಲ. ಇಷ್ಟು ಅನಾಹುತಕ್ಕೆ ಒಂದೇ ಒಂದು ಬಾಗಿಲೊಳಗೆ ಪ್ಲಸ್, ಮೈನಸ್ ತಂತಿಗಳನ್ನು ಅದಲುಬದಲು ಮಾಡಿದರೆ ಸಾಕು.

ಆ ಅಂಗಡಿಯಲ್ಲಿ ಎಡಬಾಗಿಲು ತಮ್ಮನದು, ಬಲಬಾಗಿಲು ಅಕ್ಕನದು. ಮೊದಲಿನಿಂದಲೂ ಹಾಗೆಯೇ. ಫಿಟ್ಟರ್ ಎಡಬಾಗಿಲಿನ ಹಲಗೆ ಬಿಚ್ಚಿದ, ಹೊಸ ಸ್ಪೀಕರ್ ಕೂರಿಸಿದ, ತಂತಿಗಳನ್ನು ತಿರುಗಿಸಿ ಹಾಕಿದ. ಅಕ್ಕನ ಮುಂದೆ ತುಟಿಪಿಟಕ್ಕೆನ್ನಲಿಲ್ಲ. ಹೇಳಿದರೆ ಬೇಡ ಎನ್ನುತ್ತಾಳೆ ಎಂದು ಅವನಿಗೆ ಗೊತ್ತಿತ್ತು.

ಕೈ ಆಡುತ್ತಿದ್ದಂತೆ ಮನಸ್ಸು ಕುಣಿಯುತ್ತಿತ್ತು. ಮೊದಲು ಸ್ವಲ್ಪ ಅನುಮಾನ ಬರುತ್ತದೆ. ‘ಹೊಸದು ಸಾರ್, ಒಂದು ತಿಂಗಳು ಆಡಲಿ’ ಎಂದರಾಯಿತು. ಆಮೇಲೆ ಆಂಪ್ಲಿಫೈಯರ್ ಬದಲಾಯಿಸುತ್ತಾನೆ, ಪ್ಲೇಯರ್ ಬದಲಾಯಿಸುತ್ತಾನೆ, ಕೊನೆಗೆ ಕಾರನ್ನೇ ಬದಲಾಯಿಸಿದರೂ ಬದಲಾಯಿಸಿದ. ‘ಏನೋ ಸರಿಯಿಲ್ಲ’ ಎಂದು ಗೊಣಗುತ್ತಾನೆ. ಪಕ್ಕದಲ್ಲಿ ಕೂತ ಹೊಸ ಹೆಂಡತಿ, ‘ಚೆನ್ನಾಗೇ ಇದೆಯಲ್ಲ, ನಿಮಗ್ಯಾಕೋ ಹಾಗನ್ಸುತ್ತೆ’ ಎನ್ನುತ್ತಾಳೆ. ಆ ಮಾತು ಅವನ ಕಿವಿಗೆ ಬೀಳಬೇಕು. ದಿನವೂ ಬೀಳಬೇಕು.

ಕ್ಲಿಪ್ಪುಗಳು ಸಾಲದೆ ಫಿಟ್ಟರ್ ಹಿಂದಿನ ಕೋಣೆಗೆ ಹೋದ. ವಾಪಸು ಬಂದಾಗ ಅಕ್ಕ ಅವನ ಬಾಗಿಲ ಬಳಿ ನಿಂತಿದ್ದಳು.

“ಟಾರ್ಚ್ ಬೇಕಿತ್ತು,” ಎಂದವಳೇ ಅವನ ಮುಖ ನೋಡದೆ ಸರಿದುಹೋದಳು.

ಇಬ್ಬರೂ ತಮ್ಮ ತಮ್ಮ ಬಾಗಿಲು ಮುಚ್ಚಿದರು. ಗಿರಾಕಿ ಸ್ಟಿಯರಿಂಗ್ ಹಿಂದೆ ಕೂತು ಹಾಡು ಹಾಕಿದ. ಫಿಟ್ಟರ್ ಪಕ್ಕದ ಸೀಟಿನಲ್ಲಿ ಕೂತು ಕಿವಿಗೊಟ್ಟ.

ದನಿ ಬಂತು. ನಟ್ಟನಡುವೆ ಬಂದು ನಿಂತಿತು. ಹಾಡುವವಳು ಉಸಿರೆಳೆದುಕೊಂಡದ್ದೂ ಕೇಳಿಸಿತು.

ಗಿರಾಕಿ ಕಣ್ಣುಮುಚ್ಚಿ ಇಡೀ ಹಾಡು ಕೇಳಿದ. “ಇದಪ್ಪಾ ಕೆಲಸ ಅಂದ್ರೆ,” ಎಂದು ಫಿಟ್ಟರನ ಬೆನ್ನು ತಟ್ಟಿದ. ಹಾಡನ್ನು ಇನ್ನಷ್ಟು ಜೋರು ಮಾಡಿಕೊಂಡು, ಬೀದಿಗೆಲ್ಲ ಕೇಳಿಸುತ್ತ ಹೊರಟುಹೋದ.

ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಅಕ್ಕ ಅಂಗಡಿಯ ಬಾಗಿಲಲ್ಲೇ ನಿಂತಿದ್ದಳು. ಅವಳ ಮುಖ ಬಿಳಿಚಿಕೊಂಡಿತ್ತು. ಫಿಟ್ಟರನಿಗೆ ಅದನ್ನು ನೋಡಿ ತಡೆಯಲಾಗಲಿಲ್ಲ.

“ಸರಿ ಮಾಡಿಬಿಟ್ಟೆ ಅಲ್ವಾ? ಅಷ್ಟೆಲ್ಲ ಮಾಡಿದೋನ ಮೇಲೆ ಇನ್ನೂ ಕರುಣೆ ನಿನಗೆ?”

“ನಾನೇನು ಸರಿ ಮಾಡಿದೆ?”

“ನಾಟಕ ಬೇಡ ಅಕ್ಕ. ಟಾರ್ಚ್ ನೆಪ ಮಾಡ್ಕೊಂಡು ನೀನು ಬಂದು ನೋಡಿದೆ. ಎಡಬಾಗಿಲಲ್ಲಿ ನಾನು ತಂತಿ ತಿರುಗಿಸಿ ಹಾಕಿದ್ದೆ.”

ಅಕ್ಕ ಸ್ಟೂಲಿನ ಮೇಲೆ ಕುಸಿದು ಕೂತಳು.

“ನನಗೊಂದು ಮಾತು ಹೇಳಬಾರದಿತ್ತೇನೋ, ಪಾಪಿ? ಬಲಬಾಗಿಲಿಂದು ನಾನು ತಿರುಗಿಸಿ ಹಾಕಿದ್ದೆ.”